ಆಫ್‌ಸ್ಪಿನ್ನರನ ತೋರುಬೆರಳು: ಬೊಬ್ಬೆಯನ್ನು ತಡೆದ, ವಾಸಿಮಾಡಿಕೊಂಡ ನನ್ನ ಅನುಭವ

ಚೆಂಡನ್ನು ಬೆರಳಿನಿಂದ ತಿರುಗಿಸುವ ಬೌಲರನಿಗೆ ಭುಜಕ್ಕಿಂತ, ಸೊಂಟಕ್ಕಿಂತ ಮೊದಲು ತೊಂದರೆ ಕೊಡುವುದು ತೋರುಬೆರಳಿನ ಚರ್ಮ. ಮೈಸೂರು ವಲಯದ ಲೀಗ್ ಪಂದ್ಯಗಳಲ್ಲಿ ಹದಿನೆಂಟು ವರ್ಷಗಳಿಂದ ಬಲಗೈ ಆಫ್‌ಸ್ಪಿನ್ ಮಾಡುತ್ತಿರುವ ನನಗೆ ಈ ಮಾತು ಮನವರಿಕೆಯಾಗಲು ಒಂದು ಇಡೀ ತಿಂಗಳ ಆಟವನ್ನು ಕಳೆದುಕೊಳ್ಳಬೇಕಾಯಿತು.

ನಡುವೆ ಕೆಲಸದ ವರ್ಗಾವಣೆಯಿಂದ ಎರಡು ವರ್ಷ ಹುಬ್ಬಳ್ಳಿಯಲ್ಲಿದ್ದೆ. ಆಗ ಚೆಂಡನ್ನೇ ಮುಟ್ಟಿರಲಿಲ್ಲ. ಮೈಸೂರಿಗೆ ಮರಳಿದ ಮೇಲೆ ನೆಟ್ಸ್‌ನಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ ಸುಮಾರು 40 ಎಸೆತಗಳಂತೆ ಎರಡು ವಾರ ಅಭ್ಯಾಸ ಮಾಡಿ, ಎರಡು ದಿನಗಳ ಪಂದ್ಯವೊಂದಕ್ಕೆ ಇಳಿದೆ. ಮೊದಲ ದಿನವೇ 22 ಓವರ್, ಅಂದರೆ 132 ಎಸೆತ ಹಾಕಿದೆ. ಹದಿನಾಲ್ಕನೆಯ ಓವರಿನಲ್ಲಿ ಬೆರಳಿನ ಮೊದಲ ಗೆಣ್ಣಿನ ಬಳಿ ಕೆಂಡ ತಾಗಿದಂತೆ ಉರಿಯತೊಡಗಿತ್ತು. ಆಗಷ್ಟೇ ಎರಡು ವಿಕೆಟ್ ಬಿದ್ದಿದ್ದರಿಂದ ನಾನು ನಾಯಕನಿಗೆ ಏನೂ ಹೇಳಲಿಲ್ಲ. ಹತ್ತೊಂಬತ್ತನೆಯ ಓವರಿನ ಹೊತ್ತಿಗೆ ನೀರು ತುಂಬಿದ ಬೊಬ್ಬೆ ಎದ್ದಿತು. ಕೊನೆಯ ಓವರಿನಲ್ಲಿ ಅದು ಒಡೆದು ಚೆಂಡಿನ ಹೊಲಿಗೆಗೆ ರಕ್ತ ಅಂಟಿತು.

ಆ ರಾತ್ರಿ ಮಾಡಿದ್ದೆಲ್ಲವೂ ತಪ್ಪು. ಜೋಲುತ್ತಿದ್ದ ಚರ್ಮವನ್ನು ಉಗುರು ಕತ್ತರಿಸುವ ಸಾಧನದಿಂದ ಬುಡದವರೆಗೆ ಕಿತ್ತು ತೆಗೆದೆ, ಹಸಿ ಗಾಯದ ಮೇಲೆ ಸ್ಪಿರಿಟ್ ಸುರಿದೆ, ಅದರ ಮೇಲೆ ನೇರವಾಗಿ ಹತ್ತಿ ಇಟ್ಟು ಕಟ್ಟಿದೆ. ಬೆಳಿಗ್ಗೆ ಹತ್ತಿಯ ಎಳೆಗಳು ಗಾಯಕ್ಕೆ ಅಂಟಿಕೊಂಡಿದ್ದವು. ಮನೆಯ ಹಿರಿಯರು ಅರಿಶಿನ-ಸುಣ್ಣ ಕಲಸಿ ಹಚ್ಚಿದರು. ಅವರ ಕಾಳಜಿ ದೊಡ್ಡದು, ಆದರೆ ಸುಣ್ಣವು ಕ್ಷಾರ. ಚರ್ಮ ಕಳೆದುಕೊಂಡ ಭಾಗವನ್ನು ಅದು ಇನ್ನಷ್ಟು ಸುಡುತ್ತದೆ. ಮೂರನೆಯ ದಿನ ಬೆರಳು ಊದಿ ಕೀವು ಕಾಣಿಸಿಕೊಂಡಿತು. ಚರ್ಮವೈದ್ಯರಲ್ಲಿ ಹೋಗಿ ಆ್ಯಂಟಿಬಯೋಟಿಕ್ ತೆಗೆದುಕೊಳ್ಳಬೇಕಾಯಿತು, ಮತ್ತೆ ಚೆಂಡು ಹಿಡಿದದ್ದು 24 ದಿನಗಳ ನಂತರ.

ಬೊಬ್ಬೆ ಏಕೆ ಬರುತ್ತದೆ ಎಂಬುದನ್ನು ಅದೇ ವೈದ್ಯರು ಬಿಡಿಸಿ ಹೇಳಿದರು. ಮುಂದೆ ನಾನು ಮಾಡಿದ ಬದಲಾವಣೆಗಳೆಲ್ಲ ಆ ವಿವರಣೆಯಿಂದಲೇ ಹುಟ್ಟಿದವು. ಚರ್ಮದ ಮೇಲ್ಪದರ ಚೆಂಡಿಗೆ ಕಚ್ಚಿಕೊಂಡಿರುವಾಗ ಒಳಗಿನ ಮೂಳೆ ಮುಂದಕ್ಕೆ ಸರಿಯುತ್ತದೆ; ಈ ಎಳೆದಾಟ ಮತ್ತೆ ಮತ್ತೆ ನಡೆದಾಗ ನಡುವಿನ ಪದರ ಹರಿದು, ಆ ಟೊಳ್ಳಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಅಂದರೆ ಉಜ್ಜಾಟಕ್ಕಿಂತ ಹೆಚ್ಚಾಗಿ ಒಳಗಿನ ಎಳೆತವೇ ಕಾರಣ. ಆಫ್‌ಸ್ಪಿನ್ ಹಿಡಿತದಲ್ಲಿ ಚೆಂಡು ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿದ್ದು, ಬಿಡುವ ಕ್ಷಣದಲ್ಲಿ ತೋರುಬೆರಳು ಹೊಲಿಗೆಯನ್ನು ಎಳೆದು ತಿರುಗಿಸುವುದರಿಂದ, ಮಧ್ಯದ ಬೆರಳಿನತ್ತ ಇರುವ ಅದರ ಒಳಮಗ್ಗುಲೇ ಎಲ್ಲ ಹೊರೆಯನ್ನೂ ಹೊರುತ್ತದೆ. ಚೆಂಡಿನ ತೂಕ 155.9ರಿಂದ 163 ಗ್ರಾಂ, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್. ಅಷ್ಟು ಭಾರವನ್ನು ಕಾಸಿನಗಲದ ಚರ್ಮ ದಿನಕ್ಕೆ ನೂರಕ್ಕೂ ಹೆಚ್ಚು ಸಲ ತಿರುಗಿಸಬೇಕಾಗುತ್ತದೆ. ಹೊಲಿಗೆ ಎದ್ದು ನಿಂತ ಹೊಸ ಚೆಂಡಿನಲ್ಲಿ ಈ ಎಳೆತ ಇನ್ನೂ ಹೆಚ್ಚು. ಮ್ಯಾಟ್ ಪಿಚ್‌ಗಳಲ್ಲಿ ತೆಂಗಿನ ನಾರು ಚೆಂಡಿನ ಮೈಯನ್ನು ಬೇಗ ತರಿಯಾಗಿಸುವುದರಿಂದ ಅಲ್ಲಿ ಹಳೆಯ ಚೆಂಡೂ ಬೆರಳಿಗೆ ಕರುಣೆ ತೋರುವುದಿಲ್ಲ.

ಹಾಗಾಗಿ ಎಲ್ಲಕ್ಕಿಂತ ಮೊದಲು ನಾನು ಬದಲಿಸಿದ್ದು ಎಸೆತಗಳ ಲೆಕ್ಕವನ್ನು. ಎಳೆತಕ್ಕೆ ಒಗ್ಗಿದ ಚರ್ಮ ನಿಧಾನವಾಗಿ ಜಡ್ಡುಗಟ್ಟಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ, ಆದರೆ ಅದಕ್ಕೆ ವಾರಗಟ್ಟಲೆ ಸಮಯ ಬೇಕು. ಈಗ ಋತುವಿಗೆ ಆರು ವಾರ ಮುಂಚೆಯೇ ಆರಂಭಿಸುತ್ತೇನೆ: ಮೊದಲ ವಾರ ದಿನಕ್ಕೆ 24 ಎಸೆತ, ಅದೂ ಹೊಲಿಗೆ ಸವೆದ ಹಳೆಯ ಚೆಂಡಿನಲ್ಲಿ, ನಂತರ ವಾರಕ್ಕೆ ಎರಡು ಅಥವಾ ಮೂರು ಓವರಿನಷ್ಟು ಏರಿಸುತ್ತಾ ಹೋಗಿ, ನಾಲ್ಕನೆಯ ವಾರದಲ್ಲಿ ಹೊಸ ಚೆಂಡು ಹಿಡಿಯುತ್ತೇನೆ. ಲೆಕ್ಕವನ್ನು ಬಾಯಿಲೆಕ್ಕದಲ್ಲಿ ಬಿಡದೆ ಪುಸ್ತಕದಲ್ಲಿ ಬರೆದಿಡುತ್ತೇನೆ, ಏಕೆಂದರೆ ಚೆಂಡು ಚೆನ್ನಾಗಿ ತಿರುಗುತ್ತಿರುವ ದಿನ 40 ಎಸೆತ ಯಾವಾಗ 90 ಆಯಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಜಡ್ಡು ಬೇಕು, ಆದರೆ ದಪ್ಪ ಜಡ್ಡು ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನನ್ನ ಜೊತೆಯ ಎಷ್ಟೋ ಬೌಲರುಗಳು ಗಟ್ಟಿಯಾದ ಗಂಟನ್ನು ಹೆಮ್ಮೆಯ ಗುರುತಿನಂತೆ ಬೆಳೆಸಿಕೊಳ್ಳುತ್ತಾರೆ. ದಪ್ಪಗಾದ ಜಡ್ಡು ಒಣಗಿ ಬಿರುಕು ಬಿಡುತ್ತದೆ; ಅದರ ಅಂಚು ಹೊಲಿಗೆಗೆ ಸಿಕ್ಕಿದರೆ ಒಂದೇ ಎಳೆತಕ್ಕೆ ಕಿತ್ತು ಬರುತ್ತದೆ. ಕೆಲವೊಮ್ಮೆ ಅದರ ಕೆಳಗೇ ಬೊಬ್ಬೆ ಏಳುತ್ತದೆ. ಅದು ಆಳದಲ್ಲಿರುವುದರಿಂದ ನೋವು ಹೆಚ್ಚು, ನೀರು ತೆಗೆಯುವುದೂ ಕಷ್ಟ. 2017ರ ಮಾರ್ಚಿನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಂದೇ ಇನಿಂಗ್ಸ್‌ನಲ್ಲಿ 50 ರನ್‌ಗಳಿಗೆ 8 ವಿಕೆಟ್ ಪಡೆದ ಆಸ್ಟ್ರೇಲಿಯಾದ ನೇಥನ್ ಲಯನ್ ಅವರಿಗೂ ಅದೇ ಸರಣಿಯಲ್ಲಿ ಬೌಲಿಂಗ್ ಬೆರಳಿನ ಜಡ್ಡು ಹರಿದು ತೊಂದರೆಯಾಗಿತ್ತು. ವಾರಕ್ಕೆ ಎರಡು ಸಲ, ಸ್ನಾನವಾದ ಮೇಲೆ ಚರ್ಮ ಮೆತ್ತಗಿರುವಾಗ, ಹಿಮ್ಮಡಿ ತಿಕ್ಕುವ ಕಲ್ಲಿನಿಂದ ಜಡ್ಡಿನ ಅಂಚುಗಳನ್ನು ಹಗುರವಾಗಿ ಉಜ್ಜಿ ಸುತ್ತಲಿನ ಚರ್ಮದ ಮಟ್ಟಕ್ಕೆ ತರುತ್ತೇನೆ. ಬ್ಲೇಡನ್ನು ಹತ್ತಿರಕ್ಕೂ ತರುವುದಿಲ್ಲ. ರಾತ್ರಿ ಮಲಗುವಾಗ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಆದರೆ ಪಂದ್ಯದ ಬೆಳಿಗ್ಗೆ ಕೈ ತೊಳೆದು, ಎಣ್ಣೆಯ ಪಸೆ ಇಲ್ಲದಂತೆ ಒರೆಸಿಕೊಳ್ಳುತ್ತೇನೆ.

ಒದ್ದೆಯಾದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಕಚ್ಚಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬೆವರಿದ ಬೆರಳು ಬೇಗ ಬೊಬ್ಬೆಗೆ ತುತ್ತಾಗುವುದು ಇದರಿಂದಲೇ. ಹಿಡಿತ ಸಿಗಲೆಂದು ಪ್ರತಿ ಎಸೆತಕ್ಕೆ ಮುಂಚೆ ಬೆರಳನ್ನು ನಾಲಿಗೆಗೆ ತಾಗಿಸುವ ಅಭ್ಯಾಸ ನನಗೆ ಬಾಲ್ಯದಿಂದಲೂ ಇತ್ತು. 2022ರ ಅಕ್ಟೋಬರಿನಿಂದ ಚೆಂಡಿಗೆ ಎಂಜಲು ಹಚ್ಚುವುದನ್ನು ನಿಯಮವೇ ನಿಷೇಧಿಸಿದ್ದರಿಂದ ಆ ಅಭ್ಯಾಸ ಬಿಟ್ಟೆ. ಬೆರಳಿಗೂ ಒಳ್ಳೆಯದೇ ಆಯಿತು. ಈಗ ಜೇಬಿನಲ್ಲಿ ಒಣ ಕರವಸ್ತ್ರ ಇರುತ್ತದೆ. ಹಿಡಿತದ ಬಿಗಿಯನ್ನೂ ಕಡಿಮೆ ಮಾಡಿದೆ: ರನ್‌ಅಪ್ ಉದ್ದಕ್ಕೂ ಚೆಂಡನ್ನು ಹಿಸುಕಿ ಹಿಡಿಯದೆ, ಕೈ ಮೇಲೇಳುವ ಹೊತ್ತಿಗೆ ಮಾತ್ರ ಬಿಗಿಗೊಳಿಸುತ್ತೇನೆ.

ಇಷ್ಟಾದರೂ ಬೊಬ್ಬೆ ಬರುವುದೇ ಇಲ್ಲವೆಂದಲ್ಲ. ಉರಿ ಕಾಣಿಸಿಕೊಂಡ ಹಂತದಲ್ಲೇ, ಅಂದರೆ ಚರ್ಮ ಕೆಂಪಾಗಿ ಇನ್ನೂ ನೀರು ತುಂಬದಿರುವಾಗಲೇ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಸರಿಹೋಗುತ್ತದೆ. ನೀರು ತುಂಬಿದ ಮೇಲೆ, ಬೊಬ್ಬೆ ಚಿಕ್ಕದಾಗಿ ನೋವಿಲ್ಲದಿದ್ದರೆ ಅದನ್ನು ಮುಟ್ಟುವುದಿಲ್ಲ. ಮೇಲಿರುವ ಚರ್ಮಕ್ಕಿಂತ ಒಳ್ಳೆಯ ಪಟ್ಟಿ ಯಾವ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ. ಬಿಗಿದು ನೋಯುತ್ತಿದ್ದರೆ ಮಾತ್ರ ನೀರು ತೆಗೆಯುತ್ತೇನೆ. ಕೈಯನ್ನು ಸೋಪಿನಿಂದ ತೊಳೆದು, ಹೊಸದಾಗಿ ಬಿಚ್ಚಿದ ಇಂಜೆಕ್ಷನ್ ಸೂಜಿಯಿಂದ ಬೊಬ್ಬೆಯ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ಶುದ್ಧ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿದರೆ ನೀರು ಹೊರಬರುತ್ತದೆ. ಮೇಲಿನ ಚರ್ಮವನ್ನು ಹಾಗೆಯೇ ಬಿಟ್ಟು, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟಿಕೊಳ್ಳದ ಪಟ್ಟಿಯಿಟ್ಟು ಕಾಗದದಂಥ ಸರ್ಜಿಕಲ್ ಟೇಪ್ ಸುತ್ತುತ್ತೇನೆ; ದಿನಕ್ಕೊಮ್ಮೆ, ಒದ್ದೆಯಾದರೆ ಕೂಡಲೇ, ಅದನ್ನು ಬದಲಿಸುತ್ತೇನೆ. ಬೊಬ್ಬೆ ತಾನಾಗಿ ಒಡೆದು ಹಸಿ ಚರ್ಮ ಕಂಡಿದ್ದರೆ ಹರಿಯುವ ನೀರಿನಲ್ಲಿ ತೊಳೆದು, ಕೊಳೆಯಾದ ಚೂರುಗಳನ್ನಷ್ಟೇ ತೆಗೆದು, ಗಾಯದ ತೇವವನ್ನು ಹೀರಿಕೊಳ್ಳುವ ಹೈಡ್ರೋಕಲಾಯ್ಡ್ ಪಟ್ಟಿ ಹಚ್ಚುವುದು ನನಗೆ ಹೆಚ್ಚು ಒಗ್ಗಿದೆ. ಹಳೆಯ ಬೌಲರುಗಳು ಚರ್ಮ ಗಟ್ಟಿಯಾಗಲೆಂದು ಹಚ್ಚುವ ಟಿಂಕ್ಚರ್ ಬೆಂಜಾಯಿನ್ ಹಸಿ ಗಾಯದ ಮೇಲೆ ವಿಪರೀತ ಉರಿಯುತ್ತದೆ. ಅದನ್ನು ನಾನು ಬಳಸುವುದಿಲ್ಲ. ಕೆಂಪು ಸುತ್ತಲೂ ಹರಡಿದರೆ, ಕೀವು ಅಥವಾ ಜ್ವರ ಬಂದರೆ, ಅಥವಾ ಸಕ್ಕರೆ ಕಾಯಿಲೆ ಇದ್ದವರಿಗೆ ಗಾಯವಾದರೆ ಮನೆಯಲ್ಲಿ ಕಾಯದೆ ವೈದ್ಯರನ್ನು ಕಾಣಬೇಕು.

ಟೇಪ್ ಸುತ್ತಿಕೊಂಡು ಬೌಲಿಂಗ್ ಮಾಡಬಹುದೇ ಎಂದು ಕಿರಿಯರು ಕೇಳುತ್ತಾರೆ. ಕ್ರಿಕೆಟ್ ನಿಯಮ 28.1ರ ಪ್ರಕಾರ ಕೈ ಮತ್ತು ಬೆರಳುಗಳಿಗೆ ಯಾವುದೇ ರಕ್ಷಣೆ ಧರಿಸಲು ಅಂಪೈರುಗಳ ಒಪ್ಪಿಗೆ ಬೇಕು. ಬೌಲಿಂಗ್ ಕೈಗೆ ಆ ಒಪ್ಪಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಮುಲಾಮಿನ ವಿಷಯದಲ್ಲೂ ಎಚ್ಚರ ಬೇಕು. 2023ರ ಫೆಬ್ರವರಿಯಲ್ಲಿ ನಾಗಪುರದ ಟೆಸ್ಟ್‌ನಲ್ಲಿ ರವೀಂದ್ರ ಜಡೇಜಾ ಅವರು ಅಂಪೈರುಗಳನ್ನು ಕೇಳದೆ ತೋರುಬೆರಳಿಗೆ ಮುಲಾಮು ಹಚ್ಚಿಕೊಂಡದ್ದಕ್ಕೆ, ಅದೇ ವರ್ಷದ ಜೂನ್‌ನಲ್ಲಿ ಎಜ್‌ಬಾಸ್ಟನ್‌ನಲ್ಲಿ ಇಂಗ್ಲೆಂಡಿನ ಆಫ್‌ಸ್ಪಿನ್ನರ್ ಮೊಯಿನ್ ಅಲಿ ಅವರು ಕೈ ಒಣಗಿಸುವ ಸ್ಪ್ರೇ ಬಳಸಿದ್ದಕ್ಕೆ, ಪಂದ್ಯದ ಸಂಭಾವನೆಯ ಶೇಕಡಾ 25ರಷ್ಟು ದಂಡ ತೆತ್ತರು. ಟೆಸ್ಟ್ ಕ್ರಿಕೆಟಿಗೆ ವಿದಾಯ ಹೇಳಿ ಮರಳಿದ್ದ ಮೊಯಿನ್ ಅವರ ತೋರುಬೆರಳು ಆ ಪಂದ್ಯದಲ್ಲಿ ಕಿತ್ತುಹೋಗಿದ್ದುದನ್ನು ಟಿ.ವಿ.ಯಲ್ಲಿ ನೋಡಿದಾಗ ನನಗೆ ನನ್ನ 22 ಓವರುಗಳೇ ನೆನಪಾದವು. ಬಿಡುವಿನ ನಂತರ ಒಮ್ಮೆಲೇ ಹೊರೆ ಬಿದ್ದರೆ ಅಷ್ಟು ದೊಡ್ಡ ಆಟಗಾರನ ಚರ್ಮವೂ ತಡೆಯುವುದಿಲ್ಲ.

ವಾಸಿಯಾದ ಮೇಲೆ ಮರಳುವುದಕ್ಕೆ ನನ್ನದೊಂದು ಪರೀಕ್ಷೆ ಇದೆ. ಹೆಬ್ಬೆರಳಿನ ಉಗುರಿನಿಂದ ಆ ಜಾಗವನ್ನು ಒತ್ತಿ ಎಳೆದಾಗ ನೋವಾಗಬಾರದು, ಚರ್ಮ ಹೊಳೆಯುವ ಗುಲಾಬಿ ಬಣ್ಣ ಕಳೆದು ಪಕ್ಕದ ಬೆರಳಿನಂತೆಯೇ ಕಾಣಬೇಕು. ಆ ಮೇಲೆ ಮೊದಲ ದಿನ ಟೆನಿಸ್ ಚೆಂಡು, ಮರುದಿನ ಹಳೆಯ ಚೆಂಡಿನಲ್ಲಿ 12 ಎಸೆತ. ಕಳೆದ ತಿಂಗಳು ಬಲಿತ ಬೊಬ್ಬೆಯೊಂದರಿಂದ ಹೀಗೆ ಹನ್ನೊಂದು ದಿನಗಳಲ್ಲಿ ಹೊರಬಂದೆ. ಈ ವಾರ ಬುಧವಾರ 54 ಎಸೆತ ಹಾಕಿದೆ. ಶುಕ್ರವಾರ ಇಪ್ಪತ್ತನೆಯ ಎಸೆತಕ್ಕೇ ಅದೇ ಜಾಗ ಬೆಚ್ಚಗಾದದ್ದರಿಂದ ಚೆಂಡನ್ನು ಚೀಲಕ್ಕೆ ಹಾಕಿ, ಭಾನುವಾರ ಎಂಟು ಓವರಿಗಿಂತ ಹೆಚ್ಚು ಕೊಡಬೇಡವೆಂದು ನಾಯಕನಿಗೆ ಅಂದೇ ಫೋನ್ ಮಾಡಿ ತಿಳಿಸಿದೆ.