ಬಿಸಿಲಿಲ್ಲದ ಬೇಸಿಗೆಯಲ್ಲಿ ಕಾಯಿ ಕಚ್ಚಿಸಿದ ಬಗೆ

ದಿನಗಟ್ಟಲೆ ಮೋಡ, ಎರಡು ದಿನಕ್ಕೊಂದು ಮಳೆ, ಥಂಡಿ ರಾತ್ರಿ. ಇಂಥ ಬೇಸಿಗೆಯಲ್ಲಿ ಔಷಧಿ ಹೊಡೆಯದೆ ಟೊಮೆಟೊ, ಕುಂಬಳ, ಸೌತೆ ಕಾಯಿ ಕಚ್ಚುವುದಿಲ್ಲ ಅಂತ ಹೇಳಿದವರೇ ಎಲ್ಲರೂ. ಮೂರನೇ ಸಲಕ್ಕೆ ಕಚ್ಚಿತು. 24 ಟೊಮೆಟೊ ಗಿಡಗಳಲ್ಲಿ ಗಿಡಕ್ಕೆ ಸುಮಾರು ಎರಡೂವರೆ ಕೆಜಿ; ಮೊದಲ ಕೆಟ್ಟ ಬೇಸಿಗೆಯಲ್ಲಿ ಅರ್ಧ ಕೆಜಿಯೂ ಸಿಕ್ಕಿರಲಿಲ್ಲ.

ಆ ಮೊದಲ ವರ್ಷದ ತಪ್ಪು ಏನೆಂದರೆ, ಎಲ್ಲವನ್ನೂ ರೋಗ ಅಂದುಕೊಂಡಿದ್ದು. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಿಂಪಡಣೆಗೇ ಹೋಯಿತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಎಂಬ ಬೂಜುನಾಶಕ, ವಾರಕ್ಕೊಮ್ಮೆ. ಮಳೆ ಬಂದು ತೊಳೆದುಕೊಂಡು ಹೋಗುವುದು, ಮತ್ತೆ ಹೊಡೆಯುವುದು. ತಂಪಿನಲ್ಲಿ ದ್ರಾವಣ ಬೇಗ ಒಣಗದೆ ಎಲೆಯ ಮೇಲೇ ನಿಂತು ಸೌತೆಯ ಎಳೆ ಎಲೆಗಳ ಅಂಚು ಸುಟ್ಟಿತು. ತೊಳೆದುಹೋದ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಎರೆಹುಳಕ್ಕೆ ಅದು ಆಗಿಬರುವುದಿಲ್ಲ. ಇಷ್ಟಾದರೂ ಹೂವು ಉದುರುವುದು ನಿಲ್ಲಲಿಲ್ಲ, ಏಕೆಂದರೆ ಹೂವು ಉದುರಿದ್ದು ರೋಗದಿಂದಲ್ಲ, ಪರಾಗಸ್ಪರ್ಶ ಆಗದೆ.

ಟೊಮೆಟೊ ಎಲೆ, ಕಾಯಿ ಕೊಳೆಸುವ ಅಂಗಮಾರಿ ರೋಗ ನಿಜಕ್ಕೂ ಬರುವ ಕಾಲ ಬೇರೆ. ಸತತ 2 ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಇಳಿಯದೆ, ದಿನಕ್ಕೆ 6 ಗಂಟೆಯಾದರೂ ಗಾಳಿಯ ತೇವ ನೂರಕ್ಕೆ 90ರ ಮೇಲಿದ್ದರೆ ಎಚ್ಚರ ಇರಬೇಕು. ಆ ದಿನಗಳಲ್ಲಿ ದಿನಕ್ಕೆರಡು ಸಲ ಎಲೆ ನೋಡಿ, ಮಚ್ಚೆ ಬಿದ್ದ ಎಲೆಯನ್ನು ಅಲ್ಲೇ ಚೀಲಕ್ಕೆ ಹಾಕಿ ಹೊರಗೆ ಸಾಗಿಸುತ್ತೇನೆ. ಗೊಬ್ಬರದ ಗುಂಡಿಗೆ ಹಾಕುವುದಿಲ್ಲ.

ಗಾಳಿಯಾಟಕ್ಕೆ ಮಾಡಿದ್ದು: ಟೊಮೆಟೊ ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಇದ್ದ ಅಂತರವನ್ನು 75ಕ್ಕೆ ಏರಿಸಿದೆ. ನೆಲದಿಂದ 30 ಸೆಂ.ಮೀ.ವರೆಗಿನ ಎಲೆ ತೆಗೆದೆ, ಒಂದೇ ದಿನಕ್ಕಲ್ಲ, ವಾರಕ್ಕೆ ಎರಡು-ಮೂರರಂತೆ. ಕಂಕುಳ ಚಿಗುರು ಚಿವುಟಿದ್ದೆಲ್ಲ ಒಣ ಮಧ್ಯಾಹ್ನ ಮಾತ್ರ. ಒದ್ದೆ ಗಿಡ ಮುಟ್ಟಿದರೆ ರೋಗವನ್ನು ಕೈಯಾರೆ ಹಂಚಿದಂತೆ. ಪಾತಿಯನ್ನು ಒಂದಡಿ ಏರಿಸಿ ಪಕ್ಕದಲ್ಲಿ ಬಸಿಗಾಲುವೆ ತೋಡಿದೆ. ಮಣ್ಣಿನ ಮೇಲೆ ಹಾಸಿದ ಮುಚ್ಚಿಗೆಯನ್ನು ಬುಡದಿಂದ ಒಂದು ಗೇಣು ದೂರ ಎಳೆದೆ. ನೀರು ನಿಂತ ಮಣ್ಣಿನಲ್ಲಿ ಸಾರಜನಕ ಕೈಗೆ ಸಿಗದೆ ಕೆಳ ಎಲೆ ಹಳದಿಯಾಗುತ್ತದೆ. ಆಗ ಯೂರಿಯಾ ಎರಚಿದರೆ ಬರುವುದು ಮೆತ್ತನೆಯ ಚಿಗುರು, ಸಸ್ಯಹೇನು ಮತ್ತು ಬೂಜಿಗೆ ಹಬ್ಬ. ಕಾಂಪೋಸ್ಟ್ ತಿಳಿಯನ್ನು (ಕಾಂಪೋಸ್ಟ್ ನೆನೆಸಿ ಸೋಸಿದ ನೀರು) ಎಂದಿನ ಪ್ರಮಾಣದ ನಾಲ್ಕರಲ್ಲೊಂದು ಪಾಲಿಗೆ ಇಳಿಸಿ 10 ದಿನಕ್ಕೊಮ್ಮೆ ಕೊಟ್ಟೆ.

ಕೆಲಸ ಗೆದ್ದಿದ್ದು ಪರಾಗದಲ್ಲಿ. ಟೊಮೆಟೊ ಹೂವಿನ ಪರಾಗ ಅದುರಿದರೆ ಮಾತ್ರ ಉದುರುತ್ತದೆ. ಗಾಳಿ ಒದ್ದೆಯಾದರೆ ಅಂಟಿಕೊಂಡು ಕೂರುತ್ತದೆ, ಅದುರಿಸುವ ದುಂಬಿಯೂ ಮಳೆಗೆ ಬರುವುದಿಲ್ಲ. ಬ್ಯಾಟರಿಯ ಹಲ್ಲುಜ್ಜುವ ಬ್ರಷ್ಷಿನ ಬೆನ್ನನ್ನು ಗೊಂಚಲಿನ ತೊಟ್ಟಿಗೆ ತಾಗಿಸಿ 2-3 ಸೆಕೆಂಡ್ ಹಿಡಿಯುತ್ತೇನೆ, ಹೂವಿಗಲ್ಲ. ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ಒಳಗೆ, ದಿನ ಬಿಟ್ಟು ದಿನ. ಇಡೀ ಉಪಾಯಕ್ಕೆ ಖರ್ಚಾಗಿದ್ದು ಒಂದು ಬ್ರಷ್ಷು, ಎರಡು ಸೆಲ್. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದಿದ್ದರೆ ಪರಾಗವೇ ಬಲವಾಗಿರುವುದಿಲ್ಲ, ಆಗ ಅದುರಿಸಿಯೂ ಹೆಚ್ಚು ಲಾಭವಿಲ್ಲ. ಕೋಲಿನಿಂದ ಆಧಾರದ ದಾರ ಬಡಿಯುವುದನ್ನೂ ನೋಡಿದೆ: ಒಣ ದಿನ ಸಾಕು, ತೇವದ ದಿನ ಸಾಲದು.

ಕುಂಬಳಕ್ಕೆ ಹಿಂದಿನ ಸಂಜೆಯೇ ಕೆಲಸ. ತುದಿ ಹಳದಿಗೆ ತಿರುಗಿದ ಮೊಗ್ಗು ಮರುದಿನ ಅರಳುವಂಥದ್ದು. ಗಂಡು, ಹೆಣ್ಣು ಎರಡರ ತುದಿಗೂ ಬಟ್ಟೆ ಕ್ಲಿಪ್ ಹಾಕಿದರೆ ಮಳೆನೀರು ಒಳಗಿಳಿಯುವುದಿಲ್ಲ. ನೀರು ತಾಗಿದ ಪರಾಗ ಒಡೆದು ಹಾಳಾಗುತ್ತದೆ. ಬೆಳಗಾಗುತ್ತಲೇ ಗಂಡುಹೂವಿನ ಎಸಳು ಕಿತ್ತು ಹೆಣ್ಣುಹೂವಿನ ನಡುವಿನ ಶಲಾಕಾಗ್ರದ (ಪರಾಗ ಹಿಡಿಯುವ ತುದಿ) ಮೂರೂ ಹೋಳಿಗೆ ತಾಗುವಂತೆ ಸವರಿ, ಮತ್ತೆ ಕ್ಲಿಪ್ ಹಾಕುವುದು. ಒಂದು ಹೆಣ್ಣಿಗೆ ಎರಡು ಗಂಡು. ಒಂದೇ ಕಡೆ ಸವರಿದರೆ ಕಾಯಿ ಸೊಟ್ಟಗಾಗುತ್ತದೆ, ಇಲ್ಲವೇ ಹೀಚಿನಲ್ಲೇ ಕೊಳೆಯುತ್ತದೆ. ತಂಪಿದ್ದರೆ ಈ ಬಳ್ಳಿಗಳಲ್ಲಿ ಹೆಣ್ಣುಹೂವಿನ ಪಾಲು ಹೆಚ್ಚುತ್ತದೆ, ಗಂಡಿಗೆ ಬರ. ಅದಕ್ಕೇ ಕುಂಬಳವನ್ನು ಎರಡು ವಾರದ ಅಂತರದಲ್ಲಿ ಎರಡು ಸಲ ಬಿತ್ತುತ್ತೇನೆ. ಬೀಜವಿಲ್ಲದೆ ಕಾಯಿ ಬಿಡುವ ಸೌತೆ ತಳಿಗೆ ಇದ್ಯಾವುದೂ ಬೇಡ.

ಇದೆಲ್ಲ ನಾವು ಮಾಡಬೇಕಾಗಿ ಬಂದದ್ದೇ ಜೇನು, ದುಂಬಿ ಹೊರಗೆ ಬರದಿದ್ದಕ್ಕೆ. ಸುಮಾರು 12-13 ಡಿಗ್ರಿಗಿಂತ ಕೆಳಗೆ ಜೇನುನೊಣ ಗೂಡು ಬಿಟ್ಟು ಹೊರಡುವುದೇ ಅಪರೂಪ. ಒಳಗೆ ಕೂತು ಕೂಡಿಟ್ಟಿದ್ದನ್ನು ತಿಂದು ಮುಗಿಸುತ್ತದೆ, ಮರಿಹುಳಗಳಿಗೆ ಪರಾಗ ಸಾಲದು. ಪೆಟ್ಟಿಗೆ ಇಟ್ಟವರು ಹಿಂಬದಿ ಎತ್ತಿ ತೂಕ ನೋಡುತ್ತಿರಬೇಕು. ಹಗುರಾದರೆ ಸಕ್ಕರೆ-ನೀರು ಸಮಸಮ, ಸಂಜೆ ಹೊತ್ತು, ಗೂಡಿನೊಳಗೇ. ಹೊರಗಿಟ್ಟರೆ ಬೇರೆ ಗೂಡಿನವು ಬಂದು ಲೂಟಿ ಮಾಡುತ್ತವೆ. ತೋಟದಲ್ಲಿ ಕೊತ್ತಂಬರಿ, ಸಾಸಿವೆ, ತುಳಸಿಯನ್ನು ಕೊಯ್ಯದೆ ಹೂವಿಗೆ ಬಿಟ್ಟೆ. ತಲೆ ಕೆಳಗೆ ಮಾಡಿ ತೂಗುವ ಹೂಗಳ ಮಕರಂದ ಮಳೆಗೆ ನೀರಾಗುವುದಿಲ್ಲ. ಬಿಡುವು ಸಿಕ್ಕೊಡನೆ ದುಂಬಿ ಮೊದಲು ಬರುವುದು ಅಲ್ಲಿಗೆ.

ಹಕ್ಕಿಗಳ ಪಾಡು ಇನ್ನೂ ಕಷ್ಟ. ಹಾರುತ್ತಲೇ ಕೀಟ ಹಿಡಿಯುವ ಕವಲುತೋಕೆಯಂಥ ಹಕ್ಕಿಗಳಿಗೆ ಮಳೆಯ ದಿನ ಆಕಾಶದಲ್ಲಿ ಏನೂ ಸಿಗದು, ಮರಿಗಳು ಉಪವಾಸ. ಕಂಬಳಿಹುಳ ತಿಂದು ಬೆಳೆಯುವ ಮರಿಗಳಿಗೂ ಅಷ್ಟೇ. ಅಂಥ ಹೊತ್ತಿನಲ್ಲಿ ಕೀಟನಾಶಕ ಹೊಡೆದರೆ ಉಳಿದ ಒಂದು ತುತ್ತನ್ನೂ ಕಸಿದಂತೆ. ಬೇಲಿ ಕತ್ತರಿಸುವುದನ್ನು ಮರಿಗಳು ಹಾರಿಹೋಗುವ ತನಕ ಮುಂದೂಡಿದೆ. ಎಲೆಕೋಸಿನ ಹುಳಕ್ಕೆ ಬಲೆ ಸಾಕು, ಅಂಚನ್ನು ಮಣ್ಣಿನಲ್ಲಿ ಹೂಳಬೇಕು.

ಒದ್ದೆ ಬೇಸಿಗೆಯಲ್ಲಿ ಸುಖವಾಗಿರುವುದು ಬಸವನಹುಳ ಒಂದೇ. ಎರಡನೇ ವರ್ಷ ವಿಷದ ಗುಳಿಗೆಗೆ ಸುರಿದ ದುಡ್ಡು ದಂಡ: ಅದರಲ್ಲಿರುವ ಮೆಟಾಲ್ಡಿಹೈಡ್ ಹುಳವನ್ನು ಒಣಗಿಸಿ ಕೊಲ್ಲುವಂಥದ್ದು, ನೆಲ ತೇವವಿದ್ದರೆ ಹುಳ ಚೇತರಿಸಿಕೊಂಡು ಎದ್ದು ಹೋಗುತ್ತದೆ. ನಾಯಿ ತಿಂದರೆ ಅದರ ಪ್ರಾಣಕ್ಕೂ ಕುತ್ತು. ಬೂದಿ, ಮೊಟ್ಟೆಚಿಪ್ಪಿನ ಗೆರೆ ಮೊದಲ ಮಳೆಗೇ ಮುಗಿಯಿತು. ಉಳಿದದ್ದು ಹಲಗೆ. ಒಂದಡಿ ಚದರದ ಒರಟು ಹಲಗೆಯನ್ನು ಸಂಜೆ ಪಾತಿಯಲ್ಲಿಟ್ಟು ಬೆಳಿಗ್ಗೆ ಮಗುಚಿದರೆ ಅಡಿಯಲ್ಲಿ ಅಂಟಿಕೊಂಡಿರುತ್ತವೆ. ಮೊದಲ ವಾರ ದಿನಕ್ಕೆ 60-70, ಮೂರನೇ ವಾರಕ್ಕೆ ಹತ್ತು-ಹದಿನೈದು. ಅದೇ ಹಲಗೆಯಡಿ ಸಿಗುವ ಕಪ್ಪು ನೆಲಜೀರುಂಡೆ, ಕಪ್ಪೆಗಳನ್ನು ಮುಟ್ಟಬೇಡಿ, ಬಸವನಹುಳವೇ ಅವುಗಳ ಊಟ.

ಬಿಸಿಲು ಮರಳಿದ ದಿನ ಇನ್ನೊಂದು ಪೆಟ್ಟು ಕಾದಿರುತ್ತದೆ. ತೇವದಲ್ಲಿ ಬೇರು ಮೇಲ್ಮೇಲೇ ಉಳಿದು, ಒಂದಿಷ್ಟು ಕೊಳೆತೂ ಇರುತ್ತದೆ. ಗಿಡ ನಡುಹಗಲಲ್ಲಿ ಜೋತುಬಿದ್ದರೆ ನೀರು ಹಾಯಿಸಬೇಡಿ, ಮಣ್ಣು ಇನ್ನೂ ಒದ್ದೆಯೇ. ನೂರಕ್ಕೆ 50ರ ನೆರಳು ಬಲೆಯನ್ನು ಮೂರು ದಿನ ಕಟ್ಟಿ, ಸಂಜೆ ತೆಗೆಯಿರಿ. ಎಲೆ ತೆಗೆದ ಕಡೆ ಬಿಸಿಲಿಗೆ ಬಿದ್ದ ಕಾಯಿ ಬಿಳಿಚಿ ಬೇಯುತ್ತದೆ, ಅಲ್ಲಿಗೆ ಬಲೆ ವಾರ ಪೂರ್ತಿ ಇರಲಿ.