ಒಂದು ಸಂಚಿಕೆಗೆ ಒಂದೇ ವಸ್ತು: ಕಲಬುರಗಿಯಲ್ಲಿ ಝೀನ್ ಮಾಡುವ ಬಗೆ

ಝೀನ್ ಅಂದರೆ ನಾವೇ ಬರೆದು, ಝೆರಾಕ್ಸ್ ತೆಗೆಸಿ, ಹೊಲಿದು ಹಂಚುವ ಪುಟ್ಟ ಪುಸ್ತಿಕೆ. ಅದಕ್ಕೆ ‘ಕಲ್ಯಾಣ ಕರ್ನಾಟಕದ ಸಂಸ್ಕೃತಿ’ ಅಂತ ತಲೆಬರಹ ಇಟ್ಟುಕೊಂಡು ಕೂತರೆ ಹದಿನಾರು ಪುಟದ ಭಾಷಣ ಆಗುತ್ತದೆ, ಅಷ್ಟೇ. ಒಂದು ಸಂಚಿಕೆಗೆ ಒಂದೇ ವಸ್ತು ಸಾಕು. ಅದೂ ದಿನಾ ಕೈಗೆ ತಾಗುವಂಥದ್ದು: ಕೌದಿ, ತೊಗರಿ ಕಟ್ಟಿಗೆ, ಪರಸಿ ಕಲ್ಲು.

ನಾನು ಪರಸಿಯಿಂದ ಶುರು ಮಾಡಿದೆ. ಹೊರಗಿನವರು ಶಹಾಬಾದ್ ಕಲ್ಲು ಅನ್ನುವುದು ಇದನ್ನೇ. ನಮ್ಮಲ್ಲಿ ನೆಲಕ್ಕೂ ಅದೇ, ಅಡುಗೆ ಕಟ್ಟೆಗೂ ಅದೇ, ಕೊಟ್ಟಿಗೆಗೂ ಅದೇ, ಚಹಾದಂಗಡಿ ಮುಂದಿನ ಬೆಂಚಿಗೂ ಅದೇ. ವಾಡಿ, ಸೇಡಂ ಕಡೆ ಸುಣ್ಣದ ಕಲ್ಲು ಸಿಮೆಂಟ್ ಆಗುತ್ತದೆ. ಶಹಾಬಾದಿನಲ್ಲಿ ಅದೇ ಜಾತಿಯ ಕಲ್ಲು ಪದರು ಪದರಾಗಿ ಏಳುತ್ತದೆ. ಇಷ್ಟು ಯಾರು ಬೇಕಾದರೂ ಬರೆದಾರು. ನೀವು ಇನ್ನೂ ಹತ್ತಿರ ಹೋಗಬೇಕು. ಹಳೆ ಮನೆಯ ಅಡುಗೆ ಕಟ್ಟೆಯಲ್ಲಿ ನಿಂಬೆಹಣ್ಣು ಕೊಯ್ಯುವ ಜಾಗ ಹುಡುಕಿ. ಅಲ್ಲಿ ಮಂಕಾದ ಚುಕ್ಕೆಗಳಿರುತ್ತವೆ, ಹುಳಿ ಬಿದ್ದ ಕಡೆ ಸುಣ್ಣದ ಕಲ್ಲು ಕರಗಿ ಹೊಳಪು ಕಳಕೊಂಡಿರುತ್ತದೆ. ‘ಕಲ್ಲಿನ ಬಗ್ಗೆ ಏನಾದರೂ ಹೇಳ್ರಿ’ ಅಂದರೆ ‘ಕಲ್ಲಂದ್ರ ಕಲ್ಲರೀ, ಅದರಾಗ ಏನದ?’ ಅಂತಾರೆ. ಆ ಚುಕ್ಕೆ ಮೇಲೆ ಬೆರಳಿಟ್ಟು ಕೇಳಿ. ಉಪ್ಪಿನಕಾಯಿ ಹಾಕಿದ ವರ್ಷ, ಅತ್ತೆಯ ಬೈಗುಳ, ಕಟ್ಟೆ ಹಾಕಿಸಿದ ಮಾವನ ಸಾಲ, ಎಲ್ಲ ತಾನೇ ಬರುತ್ತದೆ. ಅವರು ಹೇಳಿದ ಮಾತನ್ನು ಗ್ರಂಥಭಾಷೆಗೆ ತಿದ್ದಬೇಡಿ. ‘ಅದ’ ಅಂದದ್ದು ‘ಇದೆ’ ಆದರೆ ಅರ್ಧ ಜೀವ ಹೋಯಿತು.

ಬೀದರಿಗೆ ಹೋದರೆ ಎಲ್ಲರೂ ಬಿದರಿ ಹೂಜಿಯ ಫೋಟೊ ತೆಗೆಯುತ್ತಾರೆ. ನನಗೆ ಕೇಳಿದರೆ ಹೂಜಿ ಬಿಟ್ಟು ಮಣ್ಣು ಹಿಡಿಯಿರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಲುತುತ್ತದ ನೀರು ಸವರಿ ಕಪ್ಪು ಮಾಡಿ, ಉಳಿಯಿಂದ ಗೆರೆ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿಯಲ್ಲಿ ತಿಕ್ಕುತ್ತಾರೆ. ಲೋಹ ಖಾಯಂ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಮಣ್ಣಿನ ಗುಣ ಅಳೆಯಲು ಕೆಲವರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಒಂದು ಸಂಚಿಕೆಗೆ ಇನ್ನೇನು ಬೇಕು?

ಚಿತ್ರಗಳ ವಿಷಯ. ಝೆರಾಕ್ಸ್ ಯಂತ್ರಕ್ಕೆ ಬೂದು ಬಣ್ಣ ಆಗಿಬರುವುದಿಲ್ಲ; ಪರಸಿಯ ಫೋಟೊ ಕೊಟ್ಟರೆ ಕರಿ ಮುದ್ದೆ ಬರುತ್ತದೆ. ಅದಕ್ಕೆ ಉಜ್ಜು ಚಿತ್ರ ಮಾಡಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇ. ಕೌದಿಯನ್ನು ಗಟ್ಟಿ ನೆಲದ ಮೇಲೆ ಎಳೆದು ಹಾಸಿ, ತೆಳು ಹಾಳೆ ಇಟ್ಟು, ಕರಿ ಮೇಣದ ಬಣ್ಣವನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ. ಹೊಲಿಗೆ ಸಾಲುಗಳು ಮೇಲೇಳುತ್ತವೆ, ದಾರ ತೀರಿ ಗಂಟು ಹಾಕಿದ ಜಾಗವೂ ಕಾಣುತ್ತದೆ. ಝೆರಾಕ್ಸಿನಲ್ಲಿ ಇದು ಫೋಟೊಕ್ಕಿಂತ ಚಂದ.

ಪುಟ ಜೋಡಿಸುವಾಗ ತಲೆ ಕೆಡುವುದು ಸಹಜ. ಎ4 ಹಾಳೆ ನಾಲ್ಕು ತಗೊಂಡು ನಡುವೆ ಮಡಚಿದರೆ 16 ಪುಟ. ಹೊರಗಿನ ಹಾಳೆಯ ಒಂದು ಮಗ್ಗುಲಲ್ಲಿ ಎಡಕ್ಕೆ 16, ಬಲಕ್ಕೆ 1. ಅದರ ಹಿಂದೆ ಎಡಕ್ಕೆ 2, ಬಲಕ್ಕೆ 15. ಒಂದೇ ಮಗ್ಗುಲಿನ ಎರಡು ಪುಟ ಕೂಡಿಸಿದರೆ ಯಾವಾಗಲೂ 17 ಬರಬೇಕು, ಬರದಿದ್ದರೆ ಎಲ್ಲೋ ತಪ್ಪಿದೆ. ಅಂಚಿಗೆ ಒಂದು ಸೆಂಟಿಮೀಟರ್ ಬಿಡಿ, ಇಲ್ಲದಿದ್ದರೆ ಯಂತ್ರ ಅಕ್ಷರ ನುಂಗುತ್ತದೆ.

ನಮ್ಮೂರಲ್ಲಿ ಮಾಡುವವರಿಗೆ ಒಂದು ಲಾಭ ಇದೆ: ಇಲ್ಲಿ ಕನ್ನಡ ಓದುವವರೂ ಇದ್ದಾರೆ, ಉರ್ದು ಓದುವವರೂ ಇದ್ದಾರೆ. ಉರ್ದು ಬಲದಿಂದ ಎಡಕ್ಕೆ ಓದುವ ಭಾಷೆ, ಹಾಗಾಗಿ ಕನ್ನಡ ಒಂದನೇ ಪುಟದಿಂದ ಬರಲಿ, ಉರ್ದು ಹಿಂಬದಿಯಿಂದ ಬರಲಿ. ಎರಡಕ್ಕೂ ಮುಖಪುಟ ಸಿಗುತ್ತದೆ. ನಡುವಿನ 8 ಮತ್ತು 9ನೇ ಪುಟಕ್ಕೆ ಅಕ್ಷರವಿಲ್ಲದ ದೊಡ್ಡ ಉಜ್ಜು ಚಿತ್ರ ಹಾಕಿ. ಉರ್ದು ಟೈಪ್ ಮಾಡಿಸುವ ಬದಲು ಚೆನ್ನಾಗಿ ಬರೆಯುವವರ ಕೈಯಿಂದ ಬರೆಸಿದರೆ ಇನ್ನೂ ಒಳ್ಳೇದು.

ಅಂಗಡಿಗೆ ವರ್ಡ್ ಫೈಲ್ ಒಯ್ಯಬೇಡಿ. ಅಲ್ಲಿನ ಕಂಪ್ಯೂಟರಿನಲ್ಲಿ ಹಳೆ ನುಡಿ ಫಾಂಟ್ ಇದ್ದು ನಿಮ್ಮದು ಯೂನಿಕೋಡ್ ಆಗಿದ್ದರೆ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಪಿಡಿಎಫ್ ಒಯ್ಯಿರಿ. ಎರಡೂ ಮಗ್ಗುಲು ಪ್ರಿಂಟ್ ಆಗುವಾಗ ಹಾಳೆ ಗಿಡ್ಡ ಅಂಚಿನ ಕಡೆ ತಿರುಗಬೇಕು ಅಂತ ಹೇಳಿ, ಮೊದಲು ಒಂದೇ ಪ್ರತಿ ತೆಗೆಸಿ ಮಡಚಿ ನೋಡಿ.

ಮಾಮೂಲಿ ಸ್ಟೇಪ್ಲರ್ ಬೆನ್ನಿನ ತನಕ ಮುಟ್ಟುವುದಿಲ್ಲ. ದಬ್ಬಣದಿಂದ ಮಡಿಕೆಯ ಮೇಲೆ ಮೂರು ತೂತು ಮಾಡಿ. ದಾರ ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ಬರಲಿ, ಮೇಲಿನದರಲ್ಲಿ ಒಳಗೆ ಹೋಗಲಿ, ನಡುವಿನದನ್ನು ಬಿಟ್ಟು ಕೆಳಗಿನದರಲ್ಲಿ ಹೊರಗೆ ಬರಲಿ, ಮತ್ತೆ ನಡುವಿನದರಲ್ಲಿ ಒಳಗೆ. ಉದ್ದ ದಾರದ ಆಚೀಚೆ ಎರಡು ತುದಿ ಹಿಡಿದು ಗಂಟು ಹಾಕಿ.

ಮೊದಲ ಪ್ರತಿಗಳು ಮಾತಾಡಿದವರಿಗೆ, ಪುಕ್ಕಟೆ. ಓದಲು ಬಾರದವರಿದ್ದರೆ ಕೂತು ಓದಿ ಹೇಳಿ. ‘ಇದು ಬ್ಯಾಡ, ತಗೀರಿ’ ಅಂದದ್ದನ್ನು ಮುಂದಿನ ಮುದ್ರಣದಲ್ಲಿ ತೆಗೆಯಿರಿ. ಉಳಿದದ್ದು 20 ರೂಪಾಯಿಗೆ ಮಾರಿ. ಸಾಹಿತ್ಯ ಸಮಾರಂಭಗಳಲ್ಲಿ ಹೊಗಳುವವರು ಜಾಸ್ತಿ, ಕೊಳ್ಳುವವರು ಕಡಿಮೆ. ಶರಣಬಸವೇಶ್ವರ ಜಾತ್ರೆಯಲ್ಲಿ ಹಾಗಲ್ಲ, ಕೈಯಲ್ಲಿ ಚಿಲ್ಲರೆ ಇರುತ್ತದೆ.

ಕಾನೂನಿನ ಮಾತು ಒಂದು. ನಿಯತವಾಗಿ ಸುದ್ದಿ, ಸುದ್ದಿಯ ಮೇಲಿನ ಟಿಪ್ಪಣಿ ತರುವ ಪತ್ರಿಕೆಗೆ ನೋಂದಣಿ ಬೇಕು. 1867ರ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. ಹಾಗಾಗಿ ‘ಮಾಸಪತ್ರಿಕೆ’ ಅಂತ ಹಾಕಿಕೊಳ್ಳುವ ಆಸೆ ಬೇಡ. ಸಂಚಿಕೆಯ ಸಂಖ್ಯೆ, ವಸ್ತುವಿನ ಹೆಸರು, ನಿಮ್ಮ ಹೆಸರು, ಊರು ಹಾಕಿ. ಮೂಲ ಹಾಳೆಗಳನ್ನು ಮಾತ್ರ ಮಡಚದೆ ಪ್ಲಾಸ್ಟಿಕ್ ಫೈಲಿನಲ್ಲಿ ಇಡಿ, ಮಡಿಕೆಯ ಗೆರೆ ಮುಂದಿನ ಪ್ರತಿಗಳಲ್ಲೆಲ್ಲ ಕರಿದಾಗಿ ಕಾಣುತ್ತದೆ.