ಹೊಸ ಬ್ಯಾಟರಿ ಹಾಕಿದರೂ ಹೊರಡದ ಬೈಕು

ಸೆಲ್ಫ್ ಒತ್ತಿದರೆ ಸೀಟಿನ ಕೆಳಗಿನಿಂದ ಟಕಟಕಟಕ ಎಂಬ ಸದ್ದು. ಮೀಟರಿನ ದೀಪಗಳು ಮಂಕಾಗಿ ಆರಿಹೋಗುತ್ತವೆ, ಬೆರಳು ತೆಗೆದ ಕೂಡಲೇ ಮತ್ತೆ ಬೆಳಗುತ್ತವೆ. ಈ ಸದ್ದು ಕೇಳಿದವರೆಲ್ಲ ಹೇಳುವುದು ಒಂದೇ ಮಾತು: ಬ್ಯಾಟರಿ ಹೋಯಿತು. ನಾನೂ ಹಾಗೆಯೇ ಅಂದುಕೊಂಡೆ, ಪೇಟೆಯ ಮೆಕ್ಯಾನಿಕ್ ಕೂಡ ಹಾಗೆಯೇ ಹೇಳಿದರು. 1,400 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಟಕಟಕ. ಕಿಕ್ ಹೊಡೆದು ಹೊಡೆದು ಕಾಲು ಸೋತಿತೇ ಹೊರತು ಎಂಜಿನ್ ಹಿಡಿಯಲಿಲ್ಲ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಆಗ ಜುಲೈ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲಿಸಿದ ಬೈಕು ನೆನೆಯದೇ ಇರಬಹುದು, ತೇವದಿಂದ ತಪ್ಪಿಸಿಕೊಳ್ಳಲಾರದು. ಆ ಮಳೆಯಲ್ಲಿ ಬೈಕನ್ನು ಪೇಟೆಗೆ ಸಾಗಿಸುವುದಕ್ಕಿಂತ ನಾನೇ ನೋಡುವುದು ವಾಸಿ ಎನಿಸಿತು. ತೋಟದ ಪಂಪ್‌ಸೆಟ್ಟಿಗೆಂದು ಕೊಂಡ ಮಲ್ಟಿಮೀಟರ್ ಮನೆಯಲ್ಲಿತ್ತು.

ಮೊದಲು ಅಳೆದದ್ದು ಬ್ಯಾಟರಿಯನ್ನೇ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿರುವಾಗ 12.6ರಿಂದ 12.8 ತೋರಿಸಬೇಕು. ನನ್ನದು 11.6 ತೋರಿಸಿತು. ಕಿಕ್ಕಿಗೂ ಎಂಜಿನ್ ಏಕೆ ಹಿಡಿಯಲಿಲ್ಲ ಎಂಬುದಕ್ಕೆ ಉತ್ತರ ಅಲ್ಲಿಯೇ ಸಿಕ್ಕಿತು. ನನ್ನ 150 ಸಿಸಿ ಬೈಕಿನಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಬ್ಯಾಟರಿಯ ಕರೆಂಟಿನಿಂದಲೇ ಕೆಲಸ ಮಾಡುತ್ತದೆ. ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ, ಎಷ್ಟು ಕಿಕ್ ಹೊಡೆದರೂ ಅಷ್ಟೇ.

ರಾತ್ರಿಯಿಡೀ ಸಣ್ಣ ಚಾರ್ಜರಿಗೆ ಹಾಕಿದೆ. ಬೆಳಿಗ್ಗೆ 12.7 ಇತ್ತು. ಒಂದೇ ಕಿಕ್ಕಿಗೆ ಎಂಜಿನ್ ಎದ್ದಿತು. ಅಂದರೆ ಪ್ಲಗ್, ಕಾಯಿಲ್, ಸಿಡಿಐ ಎಲ್ಲವೂ ಸರಿಯಿವೆ. ಆದರೆ ಎಂಜಿನ್ ಆಫ್ ಮಾಡಿ ಸೆಲ್ಫ್ ಒತ್ತಿದರೆ ಮತ್ತೆ ಟಕಟಕ! ಹೊಟ್ಟೆ ತುಂಬಿದ ಬ್ಯಾಟರಿ ಇದ್ದೂ ಹೀಗಾದರೆ ದೋಷ ಬ್ಯಾಟರಿಯದಲ್ಲ ಎಂದು ಆ ಗಳಿಗೆಯಲ್ಲಿ ಖಚಿತವಾಯಿತು.

ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಎರಡೂ ತುದಿಗೆ ಹಿಡಿದು, ಮಗಳಿಗೆ ಸೆಲ್ಫ್ ಒತ್ತಲು ಹೇಳಿದೆ. ದಣಿದ ಬ್ಯಾಟರಿಯಾಗಿದ್ದರೆ ಒತ್ತಿದ ಕ್ಷಣ ಎಂಟು ಒಂಬತ್ತು ವೋಲ್ಟಿಗೆ ಕುಸಿಯಬೇಕಿತ್ತು. ನನ್ನದು 12ಕ್ಕಿಂತ ಕೆಳಗಿಳಿಯಲೇ ಇಲ್ಲ. "ಅಪ್ಪ, ಇನ್ನೂ ಒತ್ತಲಾ?" ಎಂದು ಅವಳು ಕೇಳಿದಳು. ಬೇಡವೆಂದೆ. ಬ್ಯಾಟರಿ ಕೊಡಲು ಸಿದ್ಧವಿದೆ, ಆದರೆ ಕರೆಂಟು ಮೋಟರಿಗೆ ಹೋಗಿ ಬರುವ ದಾರಿಯಲ್ಲಿ ಎಲ್ಲೋ ತಡೆಯಿದೆ.

ಇಲ್ಲಿ ನಾನು ಅರ್ಧ ದಿನ ಕಳೆದುಕೊಂಡೆ. ತಂತಿ ತುಂಡಾಗಿಲ್ಲದಿದ್ದರೆ ಸದ್ದು ಮಾಡುವ ಬೀಪ್ ಗುರುತಿಗೆ ಮೀಟರನ್ನು ತಿರುಗಿಸಿ ಫ್ಯೂಸು, ಸೆಲ್ಫ್ ಒತ್ತಿದಾಗ ಮೋಟರಿಗೆ ಕರೆಂಟು ಬಿಡುವ ರಿಲೇಗೆ ಹೋಗುವ ದಪ್ಪ ಕೇಬಲ್, ಮೋಟರಿಗೆ ಹೋಗುವ ಕೇಬಲ್, ನೆಗೆಟಿವ್ ಕೇಬಲ್ ಎಲ್ಲವನ್ನೂ ನೋಡಿದೆ. ಎಲ್ಲದಕ್ಕೂ ಬೀಪ್ ಬಂತು. ಎಲ್ಲವೂ ಸರಿ ಎಂದು ನಂಬಿ ಸ್ಟಾರ್ಟರ್ ರಿಲೇಯನ್ನೇ ಬದಲಿಸಲು ಹೊರಟಿದ್ದೆ.

ತೋಟದ ಪೈಪ್‌ಲೈನ್ ನೆನಪಾದದ್ದರಿಂದ ಉಳಿದುಕೊಂಡೆ. ಪೈಪಿನಲ್ಲಿ ಕಸ ಕಟ್ಟಿಕೊಂಡಿದ್ದರೂ ಜೆಟ್ಟುಗಳನ್ನೆಲ್ಲ ಮುಚ್ಚಿಟ್ಟಾಗ ಕೊನೆಯವರೆಗೂ ಒತ್ತಡ ಪೂರ್ತಿ ಇರುತ್ತದೆ. ಜೆಟ್ಟು ತೆರೆದು ನೀರು ಹರಿಯಲು ಬಿಟ್ಟಾಗಲೇ ಒತ್ತಡ ಎಲ್ಲಿ ಸತ್ತಿತು ಎಂದು ತಿಳಿಯುವುದು. ಬೀಪ್ ಪರೀಕ್ಷೆಯಲ್ಲಿ ಮೀಟರ್ ತಂತಿಯ ಮೂಲಕ ಕಳಿಸುವುದು ಒಂದೆರಡು ಮಿಲಿಆಂಪಿಯರ್ ಮಾತ್ರ. ತಂತಿಯ ಒಂದೇ ಎಳೆ ಉಳಿದಿದ್ದರೂ ಅಷ್ಟು ಕರೆಂಟು ಹಾಯಾಗಿ ದಾಟುತ್ತದೆ. ಸೆಲ್ಫ್ ಮೋಟರ್ ಕೇಳುವುದು ಹತ್ತಾರು ಆಂಪಿಯರ್.

ಹಾಗಾಗಿ ಕರೆಂಟು ಹರಿಯುತ್ತಿರುವಾಗಲೇ ಅಳೆಯಲು ಕುಳಿತೆ. ನನ್ನ ಬೈಕಿನ ಹೆಡ್‌ಲೈಟ್ ಬ್ಯಾಟರಿಯಿಂದಲೇ ಉರಿಯುತ್ತದೆ, 35 ವ್ಯಾಟ್, ಸುಮಾರು ಮೂರು ಆಂಪಿಯರ್. ಎಂಜಿನ್ ಆಫ್ ಇದ್ದಂತೆಯೇ ಅದನ್ನು ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿದೆ. ಎರಡೂ ಒಂದೇ ದಪ್ಪ ಕೇಬಲ್ಲಿನ ಎರಡು ತುದಿ, ಅಲ್ಲಿ ಸೊನ್ನೆಯ ಆಸುಪಾಸಿನಲ್ಲಿರಬೇಕು. ಮೀಟರ್ 1.8 ವೋಲ್ಟ್ ತೋರಿಸಿತು. ಮೂರು ಆಂಪಿಯರಿಗೇ 1.8 ವೋಲ್ಟ್ ನುಂಗುವ ಕೇಬಲ್ ಎಂದರೆ ಅರ್ಧ ಓಮಿಗಿಂತ ಸ್ವಲ್ಪ ಹೆಚ್ಚು ತಡೆ. ಬೀಪ್ ಪರೀಕ್ಷೆಗೆ ಅದು ಲೆಕ್ಕಕ್ಕೇ ಇಲ್ಲ. ಸೆಲ್ಫ್ ಮೋಟರಿಗೆ ಅದು ಅಡ್ಡಗೋಡೆ.

ಖಾತ್ರಿ ಮಾಡಿಕೊಳ್ಳಲು ಬೈಕನ್ನು ನ್ಯೂಟ್ರಲ್‌ನಲ್ಲಿಟ್ಟು, ಜೀಪಿನ ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿಗೂ ಕಚ್ಚಿಸಿದೆ. ಸೆಲ್ಫ್ ಒತ್ತಿದ ಕೂಡಲೇ ಎಂಜಿನ್ ಗರ್ರನೆ ತಿರುಗಿ ಎದ್ದಿತು. ಆ ಸದ್ದು ಕೇಳಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ!

ಕೇಬಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಪಾಸಿಟಿವ್ ನಂತರ. ಹಾಕುವಾಗ ತಿರುಗುಮುರುಗು. ಪಾಸಿಟಿವ್ ಮೊದಲು ಬಿಚ್ಚಹೊರಟು ಸ್ಪ್ಯಾನರ್ ಚಾಸಿಸ್ಸಿಗೆ ತಾಗಿದರೆ ಬೆಂಕಿಯ ಕಿಡಿ ಹಾರುತ್ತದೆ, ಕೈಯೂ ಸುಡಬಹುದು. ಫ್ಯೂಸು ಹೋದಾಗ ತಂತಿ ಸುತ್ತುವುದು, ಬೀಡಿ ಕಟ್ಟಿನ ಬೇಗಡೆ ಇಡುವುದು ಇವೆಲ್ಲವನ್ನೂ ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸು ಸುಡದಿದ್ದರೆ ಅದರ ಬದಲು ವೈರಿಂಗ್ ಸುಡುತ್ತದೆ.

ಬಿಚ್ಚಿದ ನೆಗೆಟಿವ್ ಕೇಬಲ್ ಹೊರಗಿನಿಂದ ಚೆನ್ನಾಗಿಯೇ ಇತ್ತು. ಎಂಜಿನ್ ಬೋಲ್ಟಿಗೆ ಸೇರುವ ಲೋಹದ ಬಳೆ, ಅಂದರೆ ಲಗ್ಗಿನ ಕುತ್ತಿಗೆಯಲ್ಲಿ ಕಪ್ಪು ರಬ್ಬರನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಹಸಿರು ನೀಲಿಯ ಪುಡಿ ಉದುರಿತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತದ ಚೀಲ ಬಿಚ್ಚುವವನಿಗೆ ಆ ಬಣ್ಣ ಹೊಸದಲ್ಲ: ತಾಮ್ರದ ಕಿಲುಬು. ಲಗ್ಗನ್ನು ಮೆಲ್ಲನೆ ಬಾಗಿಸಿದಾಗ ನಾಲ್ಕೈದು ಎಳೆಗಳು ಮಾತ್ರ ಅಂಟಿಕೊಂಡಿದ್ದವು. ತೇವ ರಬ್ಬರಿನೊಳಗೆ ಎರಡು ಇಂಚಿನವರೆಗೂ ಏರಿ ಎಳೆಗಳನ್ನೆಲ್ಲ ಕಪ್ಪಾಗಿಸಿತ್ತು.

ಅಷ್ಟನ್ನು ಕತ್ತರಿಸಿದರೆ ಕೇಬಲ್ ಗಿಡ್ಡವಾಗುತ್ತಿತ್ತು. ಅದೇ ದಪ್ಪದ ಹೊಸ ತಾಮ್ರದ ಕೇಬಲ್ಲಿಗೆ ಎರಡೂ ಕಡೆ ಲಗ್ ಒತ್ತಿಸಿಕೊಂಡು ಬಂದೆ, 120 ರೂಪಾಯಿ. ಬೋಲ್ಟ್ ಕೂರುವ ಜಾಗವನ್ನು ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಮತ್ತೆ ಹೆಡ್‌ಲೈಟ್ ಹಾಕಿ ಅಳೆದಾಗ 0.02 ವೋಲ್ಟ್. ಎಂಜಿನ್ ಓಡಿಸಿ ಆಕ್ಸಿಲರೇಟರ್ ಕೊಟ್ಟಾಗ ಬ್ಯಾಟರಿಯಲ್ಲಿ 14.3 ವೋಲ್ಟ್ ಸಿಕ್ಕಿತು. ಹಳೆಯ ಕೇಬಲ್ ಇದ್ದಾಗ 13 ದಾಟುತ್ತಿರಲಿಲ್ಲ. ಚಾರ್ಜಿನ ಕರೆಂಟು ಬ್ಯಾಟರಿ ಸೇರಬೇಕಾದದ್ದೂ ಅದೇ ಕೇಬಲ್ಲಿನ ಮೂಲಕ. ಹೊಸ ಬ್ಯಾಟರಿ ಮೂರೇ ವಾರದಲ್ಲಿ ಸೊರಗಿದ್ದು ಹಾಗೆ.

ಅಂದಿನಿಂದ ಹಳೆಯ ಹೆಡ್‌ಲೈಟ್ ಬಲ್ಬಿಗೆ ಎರಡು ತಂತಿ ಬೆಸೆದು ಇಟ್ಟುಕೊಂಡಿದ್ದೇನೆ. ಕರೆಂಟು ನಿಜವಾಗಿ ಬರುತ್ತಿದೆಯೇ ಎಂದು ತಿಳಿಯಲು ಮೀಟರಿಗಿಂತ ಅದನ್ನೇ ಹೆಚ್ಚು ನಂಬುತ್ತೇನೆ. ಆದರೆ ದಪ್ಪ ತಂತಿಗಳಿಗೆ ಮಾತ್ರ. ಸಿಡಿಐಯಿಂದ ಹೊರಡುವ ಸಣ್ಣ ತಂತಿಗಳಿಗೆ ಅಷ್ಟು ದೊಡ್ಡ ಬಲ್ಬು ತಾಗಿಸಬಾರದು.

ಹಿಂದಿನ ತಿಂಗಳು ಅಕ್ಕನ ಮನೆಗೆ ಹೋದಾಗ ಅದು ಕೆಲಸಕ್ಕೆ ಬಂತು. ಭಾವನ ಬೈಕು ಕೆಲವೊಮ್ಮೆ ಸ್ಟಾರ್ಟ್ ಆಗುತ್ತಿತ್ತು, ಕೆಲವೊಮ್ಮೆ ಕೀಲಿ ತಿರುಗಿಸಿದರೆ ದೀಪವೇ ಬರುತ್ತಿರಲಿಲ್ಲ. ಕೀಲಿ ಸ್ವಿಚ್ಚಿನಿಂದ ವಾಪಸಾಗುವ ತಂತಿಗೆ ಬಲ್ಬು ಕೊಟ್ಟು, "ಭಾವ, ಹ್ಯಾಂಡಲನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿ" ಎಂದೆ. ಅರ್ಧ ತಿರುಗುವಷ್ಟರಲ್ಲಿ ಬಲ್ಬು ಆರಿತು. ಎಡಕ್ಕೆ ತಂದಾಗ ಹತ್ತಿತು. ಹ್ಯಾಂಡಲಿನ ಬುಡದಲ್ಲಿ ಟೇಪು ಬಿಚ್ಚಿ ನೋಡಿದರೆ ಕೆಂಪು ತಂತಿ ಹೊರಗೆ ಇಡಿಯಾಗಿತ್ತು, ಒಳಗೆ ತುಂಡಾಗಿತ್ತು. ಬೆಸೆದು, ಮೇಲೆ ಟ್ಯೂಬು ಏರಿಸಿ, ಈ ಸಲ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುವಷ್ಟು ಸಡಿಲ ಬಿಟ್ಟು ಕಟ್ಟಿದೆವು.